ಯಾತಕ್ಕೆಂದು ಹೇಳದೆ ಕೊಂಡ ಜಾಗ

ಬಾಡಿಗೆ ಜಾಗದಿಂದ ನನ್ನನ್ನು ಎಬ್ಬಿಸಿದ್ದು ನಡುಮಧ್ಯಾಹ್ನ, ಜನ ಕುಳಿತು ಉಣ್ಣುತ್ತಿದ್ದಾಗ. ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಹತ್ತಿಕೊಂಡು ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಬರುವವರಲ್ಲಿ ಹೆಚ್ಚಿನವರು ಗಣಿಯಿಂದ ಅದಿರು ಹೊರುವ ಟಿಪ್ಪರಿನ ಡ್ರೈವರುಗಳು. ಕಟ್ಟಡದ ಮಾಲಕನ ಹತ್ತಿರ ಯಾರೋ ಗಣಿಯವರು ಆಫೀಸು ಮಾಡಲು ಜಾಗ ಕೇಳಿದ್ದರು. ಖಾಲಿ ಮಾಡು ಎಂದ, ಮಾಡುವುದಿಲ್ಲ ಎಂದೆ. ಆವತ್ತು ನಾಲ್ಕು ಜನರನ್ನು ಕಳಿಸಿದ. ಒಳಗೆ ಬಂದವರೇ ಉಣ್ಣುತ್ತಿದ್ದವರ ತಾಟುಗಳನ್ನು ಒದ್ದರು. ಒಬ್ಬ ಅನ್ನದ ಬೋಗುಣಿಯನ್ನೆತ್ತಿ ರಸ್ತೆಗೆ ಎಸೆದ. ಇನ್ನೊಬ್ಬ ನನ್ನ ಜಡೆ ಹಿಡಿದು ಬಾಗಿಲ ಕಡೆ ಎಳೆದ. ನನ್ನ ಕೈಯಲ್ಲಿ ಸೌಟಿತ್ತು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ತುಂಬಿ ಅವನ ಮುಖಕ್ಕೆ ಎರಚಿದೆ. ಅವನು ಕಿರುಚಿಕೊಂಡು ನನ್ನನ್ನು ಒಲೆಯ ಮೇಲೆ ನೂಕಿದ. ಪಾತ್ರೆ ಮಗುಚಿ ನನ್ನ ಎಡಗೈ ಮೊಣಕೈವರೆಗೆ ಬೆಂದುಹೋಯಿತು.

ರಸ್ತೆಯಲ್ಲಿ ಚೆಲ್ಲಿದ ಅನ್ನದ ಮೇಲೆ ಟಿಪ್ಪರುಗಳು ಹಾದುಹೋಗುವುದನ್ನು ನೋಡುತ್ತ ನಿಂತಿದ್ದೆ. ನೋವಿಗಿಂತ ಸಿಟ್ಟು ಹೆಚ್ಚಿತ್ತು. ಅಲ್ಲಿಯೇ ನಿಂತು ತೀರ್ಮಾನ ಮಾಡಿಕೊಂಡೆ: ಇನ್ನು ಯಾರಪ್ಪನೂ ನನ್ನನ್ನು ಹೊರಗೆ ಹಾಕದಂಥ ನಾಲ್ಕು ಗೋಡೆ ಆಗಬೇಕು. ಲಾರಿ ನಿಲ್ಲುವಂಥ ರಸ್ತೆ, ಬೋರಿಗೆ ನೀರು, ಒಂದು ಅಡುಗೆಮನೆ, ಒಂದು ಊಟದ ಕೋಣೆ. ಮಾರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕಲ್ಲ. ನಾನು ಸಾಯುವವರೆಗೆ ರೊಟ್ಟಿ ಬಡಿಯುವುದಕ್ಕೆ.

ನಮ್ಮ ಯಜಮಾನರಿಗೂ ಇದನ್ನೇ ಹೇಳಿದೆ. ಅವರು ಬೇರೆಯವರ ಟಿಪ್ಪರ್ ಓಡಿಸುತ್ತಿದ್ದರು, ಸಂಡೂರಿನ ಗಣಿಯಿಂದ ರೈಲಿಗೆ ತುಂಬುವ ಯಾರ್ಡಿಗೆ. ಆ ರಸ್ತೆ ಆಗ ಮನುಷ್ಯರನ್ನು ತಿನ್ನುತ್ತಿತ್ತು. ಮುಂದಿನ ಗಾಡಿ ಕಾಣದಷ್ಟು ಕೆಂಪು ಧೂಳು. ಸೈಕಲ್ಲಿನವನೊಬ್ಬ ಬಿದ್ದರೆ ಹಿಂದಿನ ಟಿಪ್ಪರು ನಿಲ್ಲುತ್ತಿರಲಿಲ್ಲ, ಅದರ ಹಿಂದಿನದೂ ನಿಲ್ಲುತ್ತಿರಲಿಲ್ಲ. ಗಾಲಿಗೆ ಸುತ್ತಿಕೊಂಡಿದ್ದ ಸೀರೆಯ ತುಂಡನ್ನು ಡ್ರೈವರೊಬ್ಬ ನನ್ನ ಬಾಗಿಲ ಮುಂದೆಯೇ ಕೋಲಿನಿಂದ ಕಿತ್ತು ಬಿಸಾಡಿ, ಕೈ ತೊಳೆದುಕೊಂಡು ಬಂದು ಉಂಡದ್ದನ್ನು ನೋಡಿದ್ದೇನೆ. ಜಾಗದ ವ್ಯವಹಾರವೂ ಹಾಗೇ ಇತ್ತು. ಕ್ಷೌರದ ಅಂಗಡಿಯವನಿಂದ ಗುಡಿಯ ಪೂಜಾರಿಯವರೆಗೆ ಎಲ್ಲರೂ ಸೈಟು ಕೊಳ್ಳುತ್ತಿದ್ದರು, ಒಂದು ಮೂಲೆಗಲ್ಲು ಸರಿದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಕೊಡಲಿ ಹಿಡಿಯುತ್ತಿದ್ದರು. ಯಾರನ್ನಾದರೂ ನಿಲ್ಲಿಸಿ ಯಾಕೆ ತಗೊಂಡೆ ಎಂದರೆ, ಇರಲಿ ಅಂತ ಎನ್ನುತ್ತಿದ್ದರು. ಇರಲಿ ಅಂತ ಕೊಳ್ಳಲು ಅದೇನು ಉಪ್ಪಿನಕಾಯಿಯೇ?

ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನ ಗುಮಾಸ್ತರೊಬ್ಬರು ನನ್ನಲ್ಲಿಗೆ ಬರುತ್ತಿದ್ದರು. ವೈಷ್ಣವರು, ನನ್ನ ಕೈಯ ಅನ್ನ ಉಣ್ಣುವವರಲ್ಲ. ಮಜ್ಜಿಗೆ ಕುಡಿದು, ನಾಲ್ಕು ಮಾತಾಡಿ ಹೋಗುತ್ತಿದ್ದರು. ಕೈ ಸುಟ್ಟುಕೊಂಡು ನಾನು ಮನೆಯ ಪಡಸಾಲೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸತೊಡಗಿದ ಮೇಲೂ ಬಂದರು. ಜಾಗ ಕೊಳ್ಳುತ್ತೇನೆಂದಾಗ ಅವರು ಲೋಟ ಕೆಳಗಿಟ್ಟರು.

"ಜಾಗ ಅನ್ನೋದು ಮೂರು ಥರ ನೋಡ್ರಿ. ಇರ್ಲಿಕ್ಕ, ದುಡಿಸ್ಲಿಕ್ಕ, ಮಾರ್ಲಿಕ್ಕ. ಮೂರಕ್ಕೂ ಬ್ಯಾರೆ ಬ್ಯಾರೆ ಜಾಗ ಬೇಕಾಗ್ತದ. ರೊಕ್ಕ ಹಾಕೋರೆಲ್ಲ ಒಂದು ಕಡೆ ಕುಂತು, ನಂದು ಇದಕ್ಕ ಅಂತ ಬಾಯಿಬಿಟ್ಟು ಹೇಳ್ಕೋರಿ. ಆಮ್ಯಾಲೆ ನೋಡ್ಲಿಕ್ಕೆ ಹೊಂಡ್ರಿ."

ರೊಕ್ಕ ಹಾಕುವವರು ಮೂವರು. ನಾನು, ಯಜಮಾನರು, ಮತ್ತೆ ಕಂಪ್ಲಿ ಕಡೆಯ ನನ್ನ ತವರೂರು ಮೆಟ್ರಿಯಲ್ಲಿದ್ದ ನನ್ನ ತಮ್ಮ. ನಮ್ಮವ್ವ ಸತ್ತಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ನನ್ನ ಸೊಂಟದ ಮೇಲೆ ಬೆಳೆದವನು. ದೊಡ್ಡವನಾಗಿ ಕಾಲುವೆ ನೀರಿನಲ್ಲಿ ಭತ್ತ ಬೆಳೆದುಕೊಂಡು, ಟ್ರ್ಯಾಕ್ಟರ್ ಇಟ್ಟುಕೊಂಡು ಚೆನ್ನಾಗಿದ್ದ. ನನ್ನ ಸುಟ್ಟ ಕೈ ನೋಡಲು ಬಂದವನು ಕಣ್ಣಲ್ಲಿ ನೀರು ತಂದುಕೊಂಡು, "ಯಕ್ಕಾ, ನಂದೂ ಒಂದು ಪಾಲು ಇರ್ಲಿ. ನೀ ಕಟ್ಟು, ಬುನಾದಿ ಕಲ್ಲು ನಾ ತಂದು ಹಾಕ್ತೀನಿ" ಎಂದ.

ದಲ್ಲಾಳಿ ನಮ್ಮನ್ನು ಮೊದಲು ಹಂಪಿಯ ಕಡೆ ಕರೆದೊಯ್ದ. ಬಂಡೆಗಳ ನಡುವೆ ಒಳ್ಳೆಯ ಜಾಗವೇ. ಆದರೆ ಅಲ್ಲಿ ಒಂದು ಇಟ್ಟಿಗೆ ಇಡಲೂ ಸರಕಾರ ಬಿಡುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ಕಟ್ಟಾಕ ಬಿಡಂಗಿಲ್ಲಲ್ಲಪ್ಪ ಇಲ್ಲಿ" ಎಂದೆ.

"ಕಟ್ಟಾಕ ಯಾಕ್ರಿ ಅಕ್ಕಾರ? ಇಟ್ಕೊಂಡು ಕುಂದ್ರಿ, ರೇಟು ಬಂದಾಗ ಮಾರ್ರಿ."

ನಮ್ಮ ಯಜಮಾನರ ಮುಖ ಅರಳಿತು. ಎರಡನೆಯದು ಕಂಪ್ಲಿ ರಸ್ತೆಯ ಬದಿ, ಹೆಜ್ಜೆಯಿಟ್ಟರೆ ಕಾಲು ಹೂಳುವ ಎರೆಮಣ್ಣಿನ ಗದ್ದೆ. ತಮ್ಮ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ ನಕ್ಕ. ಮೂರನೆಯದು ಸಂಡೂರು ರಸ್ತೆಯಲ್ಲಿ, ಗಟ್ಟಿ ಗರಸು ನೆಲ, ಎದುರಿಗೆ ಲಾರಿಗಳ ಸಾಲು. ಇದೇ ಎಂದೆ. ಇಬ್ಬರೂ ಹೂಂ ಎಂದರು. ಯಾಕೆ ಹೂಂ ಎಂದರೆಂದು ಒಬ್ಬರೂ ಹೇಳಲಿಲ್ಲ.

ರಿಜಿಸ್ಟ್ರಿ ಗಂಡಸರಿಬ್ಬರ ಹೆಸರಿಗಾಯಿತು. ನನ್ನ ಹೆಸರು ಯಾಕಿಲ್ಲವೆಂದು ಕೇಳಿದ್ದಕ್ಕೆ, "ನಾವೇನು ಹೊರಗಿನೋರೇನ?" ಎಂದರು ಯಜಮಾನರು. ಭೂಮಿಪೂಜೆಯ ದಿನ ಕಾಯಿ ಒಡೆಯುವ ಮುಂಚೆ ನಾನೇ ಬಾಯಿ ತೆಗೆದೆ. ಗುಮಾಸ್ತರು ಹೇಳಿದ ಹಾಗೆ ಮೂವರೂ ಇಲ್ಲಿಯೇ ನಿಂತು ಹೇಳಿಬಿಡೋಣ, ಈ ಜಾಗ ಯಾತಕ್ಕೆ ಎಂದು. ನಮ್ಮ ಮಂದಿಯಲ್ಲಿ ಪೂಜೆಯ ಹೊತ್ತಿನಲ್ಲಿ ಭೂಮಿಯ ಮುಂದೆ ಯಾರದು, ಯಾತಕ್ಕೆ ಎಂಬ ಮಾತು ಎತ್ತುವಂತಿಲ್ಲ. ಎತ್ತಿದರೆ ಆ ಮನೆ ಒಡೆಯುತ್ತದೆ ಎನ್ನುತ್ತಾರೆ. ನೆಂಟರನ್ನು ಯಾತಕ್ಕೆ ಎಂದು ಕೇಳುವುದು ಅವರನ್ನು ಪರರನ್ನಾಗಿ ಮಾಡಿದಂತೆ.

"ಪೂಜಿ ಹೊತ್ನ್ಯಾಗ ಪಾಲಿನ ಮಾತು ತೆಗೀಬ್ಯಾಡ" ಎಂದು ಯಜಮಾನರು ಗದರಿದರು.

"ಹೌದು ಯಕ್ಕಾ, ನಾವು ನಾವ ಅದೀವಿ" ಎಂದ ತಮ್ಮ.

ನಾನು ಕಾಯಿ ಎತ್ತಿಕೊಟ್ಟೆ. ಕಾಯಿ ಒಡೆದರು, ಎರಡೂ ಹೋಳು ನೆಟ್ಟಗೆ ಬಿದ್ದವು, ಶುಭ ಎಂದರು.

ಸುಗ್ಗಿ ಮುಗಿದ ಮೇಲೆ ಗೌಂಡಿ ಸುಣ್ಣದ ಗೆರೆ ಹಾಕಿ, ಪಾಯ ತೋಡಿಸಿದ. ಮರುವಾರ ಬೆಳಿಗ್ಗೆ ತಮ್ಮ ಮೆಟ್ರಿಯಿಂದ ಟ್ರ್ಯಾಕ್ಟರ್ ತುಂಬ ಸೈಜುಗಲ್ಲು ಹೇರಿಕೊಂಡು ಬಂದ. ಗೌಂಡಿಯನ್ನೂ ಹಾರೆ ಸಲಿಕೆಗಳನ್ನೂ ಹಿಂದೆ ಹಾಕಿಕೊಂಡು, ನಾನು ತಮ್ಮನ ಪಕ್ಕ ಮಡ್ಗಾರ್ಡಿನ ಮೇಲೆ ಕುಳಿತು ಹೊರಟೆ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ತಿರುವು ದಾಟಿ ನೋಡಿದರೆ ಅಲ್ಲಿ ನಮ್ಮ ಜಾಗವಿರಲಿಲ್ಲ, ಕೆಂಪು ಗುಡ್ಡವಿತ್ತು. ನನ್ನ ಪಾಯದ ಮೇಲೆ ಅದಿರು ಸುರಿದಿದ್ದರು. ಒಂದು ಟಿಪ್ಪರ್ ಹಿಂದಕ್ಕೆ ಸರಿಯುತ್ತ ಇನ್ನೊಂದು ಲೋಡು ಸುರಿಯಲು ಬರುತ್ತಿತ್ತು. ಯಾರ್ಡಿನ ಹುಡುಗರು ನಾಲ್ಕೈದು ಜನ ನಿಂತಿದ್ದರು. ಅವರ ನಡುವೆ ಬೀಡಿ ಸೇದುತ್ತ ನಮ್ಮ ಯಜಮಾನರಿದ್ದರು.

"ಮಾವ, ಏನಿದು?" ಎಂದ ತಮ್ಮ.

"ಕಾಣಂಗಿಲ್ಲೇನು? ಅದಿರು. ಸುಮ್ನ ಬಿದ್ದಿತ್ತು, ದುಡೀಲಿ ಅಂತ ಯಾರ್ಡಿನವ್ರಿಗೆ ಕೊಟ್ಟೀನಿ."

"ಯಾರನ್ನ ಕೇಳಿ ಕೊಟ್ರಿ?" ಎಂದೆ ನಾನು.

"ನನ್ನ ಹೆಸರಿಲೆ ಐತಿ, ನಿನ್ನ ಯಾಕ ಕೇಳ್ಲಿ? ಇನ್ನೊಂದು ವರ್ಷಕ್ಕ ಚಲೋ ರೇಟಿಗೆ ಮಾರಿ, ಅದರಾಗ ಎರಡು ತಗೊಂತೀನಿ. ನಿನ್ನ ರೊಟ್ಟಿ ಎಲ್ಲಿ ಬೇಕಾದ್ರೂ ಬಡೀಬಹುದು."

ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಅವರ ಅಪ್ಪನನ್ನೂ ಬಿಡಲಿಲ್ಲ. ತಮ್ಮ ಟ್ರ್ಯಾಕ್ಟರಿನಿಂದ ಇಳಿದು ಹೋಗಿ, ಹಿಂದಕ್ಕೆ ಬರುತ್ತಿದ್ದ ಟಿಪ್ಪರಿಗೆ ಅಡ್ಡ ನಿಂತ. ಡ್ರೈವರ್ ಹಾರನ್ ಹೊಡೆದ, ಇವನು ಸರಿಯಲಿಲ್ಲ. ಯಾರ್ಡಿನವನೊಬ್ಬ, "ಸರಿಯಲೇ ಮಗನ, ಇಲ್ಲಾಂದ್ರ ನಿನ್ನ ಮ್ಯಾಲ ಸುರಿತೀವಿ" ಎಂದ. ತಮ್ಮ ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಗಾಡಿಯ ಮುಂದಕ್ಕೆ ಓಡಿ ಗಾಜಿಗೆ ಹೊಡೆದ. ಗಾಜು ಡ್ರೈವರನ ಮುಖದ ಮೇಲೆ ಒಡೆಯಿತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸೀಟಿನಲ್ಲೇ ಕುಸಿದ, ಬೆರಳ ಸಂದಿಯಿಂದ ರಕ್ತ ಸುರಿಯಿತು.

ಯಾರ್ಡಿನ ಹುಡುಗರು ಕಬ್ಬಿಣದ ಸರಳು ಹಿಡಿದು ಬಂದರು. ಮೊದಲನೇ ಏಟು ತಮ್ಮನ ಬೆನ್ನಿಗೆ ಬಿತ್ತು, ಎರಡನೆಯದು ಕಿವಿಗೆ. ಬಿದ್ದವನನ್ನು ಬೂಟುಗಾಲಿನಿಂದ ಒದ್ದರು, ಬಾಯಿಗೆ ಅದಿರಿನ ಪುಡಿ ತುರುಕಿದರು. ನಾನು ಒಬ್ಬನ ಬೆನ್ನ ಮೇಲೆ ಹಾರಿ ಕಿವಿ ಕಚ್ಚಿದೆ. ಅವನು ನನ್ನ ಸುಟ್ಟ ಕೈಯನ್ನೇ ತಿರುಚಿ ಎಸೆದ. ಬಿಡಿಸ್ರಿ, ನಮ್ಮ ಹುಡುಗನ್ನ ಕೊಲ್ತಾರ ಎಂದು ಯಜಮಾನರ ಕಾಲು ಹಿಡಿದೆ. ಅವರು ಹೋದರು. ಹೋಗಿ, ಬಿಡಿಸುವ ಬದಲು ತಾವೂ ತಮ್ಮನ ಪಕ್ಕೆಗೆ ಒದ್ದರು. "ಮಂದಿ ಮುಂದ ನನ್ನ ಮರ್ಯಾದಿ ತೆಗೀತಿ ಏನಲೇ?" ಎಂದು ಮತ್ತೊಮ್ಮೆ ಒದ್ದರು. ಆ ಗಳಿಗೆಯಲ್ಲಿ ಯಾರಾದರೂ ನನ್ನ ಕೈಗೆ ವಿಷ ಕೊಟ್ಟಿದ್ದರೆ ಆ ಮನುಷ್ಯನಿಗೆ ಕುಡಿಸಿಬಿಡುತ್ತಿದ್ದೆ.

ಯಾರ್ಡಿನವರು ಗಾಯವಾದ ಡ್ರೈವರನ ಕಡೆ ತಿರುಗಿದಾಗ ತಮ್ಮ ತೆವಳಿಕೊಂಡು ಟ್ರ್ಯಾಕ್ಟರಿನ ಹತ್ತಿರ ಬಂದ. ಕೆಂಪು ಪುಡಿಯೂ ರಕ್ತವೂ ಕಲಸಿ ಮುಖ ಗುರುತು ಸಿಗುತ್ತಿರಲಿಲ್ಲ. ಪಾಯಕ್ಕೆಂದು ತಂದ ಹಾರೆಯನ್ನು ಎಳೆದುಕೊಂಡು ಎದ್ದುನಿಂತ. ಯಜಮಾನರು ಬೆನ್ನು ತಿರುಗಿಸಿದ್ದರು. ಏ ಎಂದು ನಾನು ಕೂಗಿದೆ. ಅವರು ತಿರುಗುವಷ್ಟರಲ್ಲಿ ಹಾರೆ ಮೊಣಕಾಲಿಗೆ ಬಿತ್ತು. ಕಬ್ಬು ಮುರಿದಂಥ ಸಪ್ಪಳ ಬಂತು. ಅವರು ಕುಸಿದರು, ಕಾಲು ಎಲ್ಲಿ ಮಡಚಬಾರದೋ ಅಲ್ಲಿ ಮಡಚಿತ್ತು. ಯಾರ್ಡಿನವರು ಅಷ್ಟು ದೂರದಲ್ಲೇ ನಿಂತರು, ಹತ್ತಿರ ಬರಲು ಯಾರಿಗೂ ಧೈರ್ಯವಾಗಲಿಲ್ಲ. ತಮ್ಮ ಹಾರೆಯನ್ನು ಎರಡನೇ ಸಲ ಎತ್ತಿದ. ಈ ಸಲ ತಲೆಯ ಮೇಲೆ, ಎರಡೂ ಕೈಯಿಂದ. ಯಜಮಾನರು ಅಂಗೈಯಲ್ಲಿ ಮುಖ ಮುಚ್ಚಿಕೊಂಡು, "ಬ್ಯಾಡೋ, ಬ್ಯಾಡೋ" ಎನ್ನುತ್ತಿದ್ದರು.

ನನ್ನ ಕೈಗೆ ಸಿಕ್ಕಿದ್ದು ಸಲಿಕೆ. ಬಲವಿದ್ದಷ್ಟೂ ಬೀಸಿ ತಮ್ಮನ ಬಲ ಮೊಣಕೈಗೆ ಹೊಡೆದೆ. ಯೋಚನೆ ಮಾಡಿಯೇ ಹೊಡೆದಳು, ಗಂಡನ ಕಡೆ ವಾಲಿದಳು ಎಂದು ಮೆಟ್ರಿಯಲ್ಲಿ ಆಮೇಲೆ ಆಡಿಕೊಂಡರು. ಅವರ ಬಾಯಿಗೆ ಮಣ್ಣು ಬೀಳಲಿ. ಹೊಡೆಯದಿದ್ದರೆ ಒಬ್ಬನು ಹೆಣವಾಗುತ್ತಿದ್ದ, ಇನ್ನೊಬ್ಬನು ಬಳ್ಳಾರಿ ಜೈಲಿನಲ್ಲಿ ಕೊಳೆಯುತ್ತಿದ್ದ. ಇವತ್ತು ಅದೇ ಸಲಿಕೆ ಕೈಯಲ್ಲಿದ್ದರೂ ಅದನ್ನೇ ಮಾಡುತ್ತೇನೆ.

ಹಾರೆ ಅವನ ಹಿಂದೆ ಬಿತ್ತು. ಅವನು ಮುರಿದ ಕೈಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡು ಕುಳಿತ. ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನನ್ನೇ ನೋಡುತ್ತಿದ್ದ.

"ನಾ ನಿನಗಂತ ಬಂದಿದ್ದೆ ಯಕ್ಕಾ" ಎಂದ.

ಗೌಂಡಿಯೂ ನಾನೂ ಸೇರಿ ಟ್ರ್ಯಾಕ್ಟರಿನ ಕಲ್ಲುಗಳನ್ನೆಲ್ಲ ಕೆಳಗೆ ಉರುಳಿಸಿ, ಇಬ್ಬರನ್ನೂ ಅದರಲ್ಲಿ ಮಲಗಿಸಿದೆವು. ಗೌಂಡಿ ಓಡಿಸಿದ. ಪ್ರತಿ ಗುಂಡಿಗೂ ಇಬ್ಬರೂ ನರಳುತ್ತಿದ್ದರು. ನಡುವೆ ಕುಳಿತ ನನಗೆ ಯಾರ ತಲೆ ಹಿಡಿಯಬೇಕೆಂದು ತಿಳಿಯಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು.

"ಟ್ರ್ಯಾಕ್ಟರ್ ಮಗಚಿತ್ರಿ" ಎಂದರು ಯಜಮಾನರು.

"ಹೌದ್ರಿ" ಎಂದ ತಮ್ಮ.

ಆ ಜಾಗದ ವಿಷಯದಲ್ಲಿ ಅವರಿಬ್ಬರೂ ಬಾಯಿಬಿಟ್ಟು ಒಂದೇ ಮಾತು ಆಡಿದ್ದು ಅದೊಂದೇ ಸಲ. ಯಾರ್ಡಿನವರಿಗೂ ಪೊಲೀಸು ಬೇಕಿರಲಿಲ್ಲ, ಅವರ ಅದಿರಿನ ಕಾಗದ ಎಷ್ಟು ಚೊಕ್ಕವಿತ್ತೆಂದು ಅವರಿಗೇ ಗೊತ್ತಿತ್ತು.

ಮೆಟ್ರಿಯ ಹಿರಿಯರು ಬಂದು ಪಂಚಾಯಿತಿಗೆ ಕುಳಿತರು. ಮಂಚದ ಮೇಲೆ ಕಾಲಿಗೆ ಸಿಮೆಂಟುಪಟ್ಟಿ ಹಾಕಿಸಿಕೊಂಡು ಯಜಮಾನರು. ಹಿರಿಯರು ಮಾತು ಶುರು ಮಾಡುವ ಮುಂಚೆ ನಾನೇ ಹೇಳಿದೆ.

"ಜಾಗ ನನ್ನ ಹೆಸರಿಗೆ ಆಗಬೇಕು. ಅಲ್ಲಿ ಖಾನಾವಳಿ ಆಗ್ತೈತಿ. ಮಾರಂಗಿಲ್ಲ, ಬಾಡಿಗಿಗೆ ಕೊಡಂಗಿಲ್ಲ. ಅಷ್ಟ ನನ್ನ ಮಾತು."

ಯಜಮಾನರು ಒಪ್ಪಲಿಲ್ಲ. ಹಿರಿಯರು ಎದ್ದುಹೋದ ಮೇಲೆ ಅವರ ರೊಟ್ಟಿಯ ತಾಟನ್ನು ಮಂಚದಿಂದ ಕೈಗೆಟುಕದಷ್ಟು ದೂರ ಇಟ್ಟೆ. "ಸಹಿ ಹಾಕೋ ಮಟ ಅಲ್ಲೇ ಇರ್ತೈತಿ" ಎಂದೆ. ಮರುದಿನ ಮಧ್ಯಾಹ್ನ ಒಪ್ಪಿದರು. ತಮ್ಮ ಮಾತ್ರ ಹಿರಿಯರ ಕೈಯಲ್ಲಿ ಹೇಳಿಕಳಿಸಿದ: ಹಾಕಿದ್ದನ್ನು ವಾಪಸು ಕೊಟ್ಟರೆ ಸಾಕು, ಕರೆದ ದಿನ ಬಂದು ಸಹಿ ಮಾಡುತ್ತೇನೆ, ಆ ಜಾಗದ ಮಣ್ಣೂ ನನಗೆ ಬೇಡ. ನನ್ನ ಕೊರಳಿನ ಬೋರಮಾಳ ಮಾರಿ ಅವನ ಪಾಲು ಕಳಿಸಿದೆ.

ಅದಿರಿನ ಗುಡ್ಡವನ್ನು ಯಾರ್ಡಿನ ಮಾಲಕ ಎತ್ತಲಿಲ್ಲ. ನಾನು ಅದರ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದೆ. ರೊಟ್ಟಿಯ ವಾಸನೆಗೆ ಡ್ರೈವರುಗಳು ಬಂದರು. ಎಲ್ಲರಿಗೂ ಒಂದೇ ಮಾತು ಹೇಳಿದೆ: ಇಲ್ಲಿ ಸುರಿದವರಿಗೆ ನನ್ನ ಕೈಯ ರೊಟ್ಟಿ ಇಲ್ಲ. ಹಸಿದವರ ಮುಂದೆ ಯಾವ ಮಾಲಕನ ಮಾತೂ ನಡೆಯುವುದಿಲ್ಲ. ಯಾರೂ ಅಲ್ಲಿ ಸುರಿಯದಾದ ಮೇಲೆ ಅವನಿಗೆ ಆ ಜಾಗ ಇದ್ದೂ ಇಲ್ಲದಂತಾಯಿತು. ಮಳೆಗಾಲಕ್ಕೆ ಮುಂಚೆ ಬೈದುಕೊಂಡು ಎತ್ತಿಸಿದ. ತಮ್ಮ ತಂದ ಸೈಜುಗಲ್ಲುಗಳು ಅಲ್ಲೇ ಉರುಳಿ ಬಿದ್ದಿದ್ದವು. ಅವನ್ನೇ ಬುನಾದಿಗೆ ಹಾಕಿಸಿದೆ. ಗೋಡೆ ಎದ್ದಿತು, ತಗಡು ಬಿತ್ತು, ಬೋರಿನಲ್ಲಿ ನೀರು ಬಂತು. ಯಜಮಾನರು ಕುಂಟಿಕೊಂಡು ಬಂದು ಗಲ್ಲಾದಲ್ಲಿ ಕೂರತೊಡಗಿದರು. ಇನ್ನು ಟಿಪ್ಪರ್ ಓಡಿಸುವ ಕಾಲು ಅದಾಗಿರಲಿಲ್ಲ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ತಮ್ಮ ತನಗೆ ಮೀಸೆ ಮೂಡಿದಂದಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ವರ್ಷ ರೊಟ್ಟಿ ಬಡಿಯುವ ಹೆಂಗಸರನ್ನೆಲ್ಲ ಅವರವರ ತವರಿಗೆ ಕಳಿಸಿ ಒಬ್ಬಳೇ ಅಡುಗೆ ಮಾಡಿದೆ. ರಸ್ತೆಯ ಕಡೆ ನೋಡಬಾರದೆಂದುಕೊಂಡರೂ ನೋಡುತ್ತಿದ್ದೆ. ಸಂಜೆಯಾದ ಮೇಲೆ, ಯಾರಿಗೆ ಕಾಯ್ತೀ ಎಂದರು ಯಜಮಾನರು. ಕೈಯಲ್ಲಿದ್ದ ಹಿಟ್ಟಿನ ಪರಾತವನ್ನು ಅವರ ಕಡೆ ಬೀಸಿ ಎಸೆದೆ.

ಪಂಚಮಿ ಕಳೆದ ಮೇಲೆ ಸಹಿಗೆ ದಿನ ಗೊತ್ತಾಯಿತು. ಕಾಗದ ಕೈ ಸೇರುವವರೆಗೆ ಆ ಗೋಡೆಗಳು ನನ್ನವಲ್ಲ. ತಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಹೊಸಪೇಟೆಯ ರಿಜಿಸ್ಟ್ರಿ ಆಫೀಸಿಗೆ ಬಂದ. ಬಲಗೈ ಮೊಣಕೈಯಲ್ಲಿ ಮಡಚಿಕೊಂಡೇ ಗಟ್ಟಿಯಾಗಿತ್ತು, ಬೆರಳುಗಳು ಪೆನ್ನು ಹಿಡಿಯುವಷ್ಟು ಕೂಡುತ್ತಿರಲಿಲ್ಲ. ಓದಿದವನು, ಹೆಬ್ಬೆಟ್ಟು ಒತ್ತಿದ. ಜಾಗ ನನ್ನದಾಯಿತು. ಹೊರಗೆ ಬಂದು, "ಉಂಡು ಹೋಗು" ಎಂದೆ. ಅವನು ಬಸ್ಸಿನ ಕಡೆ ನೋಡಿದ, ಮತ್ತೆ ನನ್ನ ಹಿಂದೆ ಬಂದ.

ಗಿರಾಕಿಗಳು ಕೂರುವ ಬೆಂಚಿನಲ್ಲೇ ಕುಳಿತ. ಒಳಗೆ ಬಾ ಎಂದರೆ ಬರಲಿಲ್ಲ. ಬಿಸಿ ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ, ಅವನಿಗೆ ಸೇರುವ ಕೆನೆಮೊಸರು ಹಾಕಿದೆ. ಬಲಗೈ ಬೆರಳಿನಿಂದ ರೊಟ್ಟಿ ಮುರಿಯಲು ನೋಡಿದ. ಆಗಲಿಲ್ಲ. ಮತ್ತೊಮ್ಮೆ ನೋಡಿದ. ನಾನು ಎದುರಿಗೆ ಕುಳಿತು ರೊಟ್ಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಮೊಸರಿನಲ್ಲಿ ಕಲಸಿ, ಚಮಚ ಕೊಟ್ಟೆ. ಬೇಡ ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಉಂಡ, ತಾಟಿನಲ್ಲಿ ಒಂದು ತುಣುಕೂ ಬಿಡಲಿಲ್ಲ. ಇನ್ನೇನು ಯಕ್ಕಾ ಎನ್ನುತ್ತಾನೆ ಎಂದು ಕಾಯುತ್ತಿದ್ದೆ.

ಕೈ ತೊಳೆದುಕೊಂಡು ಬಂದು ಗಲ್ಲಾದ ಮುಂದೆ ನಿಂತ. ಎಡಗೈಯಿಂದ ಅಂಗಿಯ ಜೇಬು ತಡಕಿ ಇಪ್ಪತ್ತರ ನೋಟು ತೆಗೆದ. ಯಜಮಾನರು ಮುಖ ಆಚೆ ತಿರುಗಿಸಿದರು. ಅವನು ನೋಟನ್ನು ನನ್ನ ಕಡೆ ಚಾಚಿದ.

"ಊಟಕ್ಕ ಎಷ್ಟಾತ್ರಿ?" ಎಂದ.

ಕಾಲಿಗೆ ಬೀಳಲೇ, ಕೆನ್ನೆಗೆ ಹೊಡೆಯಲೇ ತಿಳಿಯಲಿಲ್ಲ. ಎದೆ ಹರಿದುಹೋದಂತಾಯಿತು, ಅದರ ಹಿಂದೆಯೇ ನನ್ನ ಹಾಳು ಸಿಟ್ಟು ಬಂತು.

"ಹದಿನೈದು" ಎಂದೆ.

ನೋಟು ತೆಗೆದುಕೊಂಡು ಐದು ರೂಪಾಯಿ ವಾಪಸು ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು, ರಸ್ತೆ ದಾಟಿ, ಕಂಪ್ಲಿ ಕಡೆಯ ಬಸ್ಸು ಹತ್ತಿದ.